ಹಿಡಿದ ನಟ್ಟು-ಬೋಲ್ಟು ಬಿಡಿಸುವುದು ಹೇಗೆ?

2017ರ ಮೃಗಶಿರಾ ಮಳೆ ನಮ್ಮ ಹೊಲಕ್ಕೆ ಎರಡು ದಿನ ಚೆನ್ನಾಗಿ ಹುಯ್ದು ನಿಂತಿತು. ನಮ್ಮದು ಚಳ್ಳಕೆರೆ ಕಡೆಯ ಕೆಂಪು ಮಸಾರಿ ನೆಲ. ಮಳೆ ನಿಂತ ಮೇಲೆ ಬಿತ್ತನೆ ಹದ ಇರೋದು ಮೂರು ದಿನ, ಬಿಸಿಲು-ಗಾಳಿ ಜೋರಾದರೆ ಎರಡೇ ದಿನ. ಶೇಂಗಾ ಬೀಜ ಸುಲಿದು ಇಟ್ಟಿದ್ದೆ. ಬೆಳಿಗ್ಗೆ ಕಲ್ಟಿವೇಟರ್ ಎಳೆದು ನೋಡಿದರೆ ಕುಳಗಳೆಲ್ಲ ಸವೆದು ಮೊಂಡಾಗಿವೆ. ತಿರುಗಿಸಿ ಹಾಕೋಣ ಅಂತ ಪಾನಾ ಹಾಕಿದೆ. ಒಂದು ನಟ್ಟೂ ಮಿಸುಕಲಿಲ್ಲ.

ಪಾನಾಕ್ಕೆ ಪೈಪು ಸಿಕ್ಕಿಸಿ ಜಗ್ಗಿದೆ. ಎರಡು ಬೋಲ್ಟು ಕತ್ತರಿಸಿದವು. ಮೂರು ನಟ್ಟಿನ ಮೂಲೆ ಸವೆದು ಗುಂಡಗಾದವು. ಪಾನಾ ಜಾರಿ ಬೆರಳಿನ ಗೆಣ್ಣು ಕಿತ್ತು ಬಂತು. ಕಡೆಗೆ ಕಲ್ಟಿವೇಟರ್ ಹೇರಿಕೊಂಡು ವೆಲ್ಡಿಂಗ್ ಅಂಗಡಿಗೆ ಹೋದರೆ ಅಲ್ಲಿ ನನ್ನಂಥವರೇ ಸಾಲಾಗಿ ನಿಂತಿದ್ದರು. ಮಳೆ ಬಂದ ಮಾರನೇ ದಿನವೇ ಎಲ್ಲರಿಗೂ ಮುಟ್ಟುಗಳ ನೆನಪು! ನನ್ನ ಪಾಳಿ ಬಂದಿದ್ದು ಮರುದಿನ ಸಂಜೆ. ಅಷ್ಟರಲ್ಲಿ ಮೇಲ್ಮಣ್ಣು ಒಣಗಿತ್ತು. ಎಂಟು ಎಕರೆಯಲ್ಲಿ ಐದು ಎಕರೆ ಹೇಗೋ ಬಿತ್ತಿದೆ, ಅದರಲ್ಲೂ ಹುಟ್ಟುವಳಿ ತೆಳ್ಳಗೆ. ಮೂರು ಎಕರೆ ಬೀಳು ಬಿತ್ತು. ಒಂಬತ್ತು ಹಲ್ಲಿನ ಕಲ್ಟಿವೇಟರ್, ಹಲ್ಲಿಗೆ ಎರಡರಂತೆ ಹದಿನೆಂಟು ಬೋಲ್ಟು. ಅವು ಬಿಚ್ಚಿಕೊಳ್ಳದೇ ಇದ್ದದ್ದಕ್ಕೆ ನನ್ನ ಒಂದು ವರ್ಷದ ಬೆಳೆ ಅರ್ಧವಾಯಿತು.

ಆಮೇಲೆ ನಮ್ಮೂರ ಕಮ್ಮಾರಣ್ಣನ ಹತ್ತಿರ, ಟ್ರ್ಯಾಕ್ಟರ್ ಮೆಕ್ಯಾನಿಕ್ಕುಗಳ ಹತ್ತಿರ ಕೂತು ಕೇಳಿ ಕಲಿತೆ. ಮಗ ಸಂತೆಗೆ ಅಂತ ತಂದ ಹಳೇ ಮಾರುತಿ ವ್ಯಾನಿನ ರಿಪೇರಿ ಮನೆಯಲ್ಲೇ ಮಾಡಿಕೊಳ್ಳುತ್ತಾ ಇನ್ನಷ್ಟು ತಿಳಿಯಿತು. ನಾನು ಏಳನೇ ಕ್ಲಾಸು ಓದಿದವನು. ಮಾಡಿ ನೋಡಿದ್ದನ್ನು ಮಾತ್ರ ಬರೆದಿದ್ದೇನೆ.

ಯಾಕೆ ಹಿಡಿಯುತ್ತದೆ?

ಕಬ್ಬಿಣ ತುಕ್ಕಾದರೆ ಮೊದಲಿಗಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಹಿಡಿಯುತ್ತದೆ. ನಟ್ಟಿಗೂ ಬೋಲ್ಟಿಗೂ ನಡುವೆ ಇರುವ ಸಂದು ಕೂದಲೆಳೆಯಷ್ಟು. ಅದರಲ್ಲಿ ತುಕ್ಕು ಉಬ್ಬಿ ಬೆಣೆ ಬಡಿದ ಹಾಗೆ ಬಿಗಿಯುತ್ತದೆ. ಗೊಬ್ಬರದ ಉಪ್ಪು, ಕೊಟ್ಟಿಗೆಯ ಗಂಜಳ, ಸಿಂಪಡಣೆ ಔಷಧಿ ತಾಗಿದ ಕಡೆ ಇನ್ನೂ ಬೇಗ. ಗೊಬ್ಬರ ಹಾಕಿ ಬಿತ್ತುವ ಕೂರಿಗೆಯನ್ನು ತೊಳೆಯದೆ ಬಿಟ್ಟರೆ ಒಂದೇ ಮಳೆಗಾಲ ಸಾಕು.

ಸ್ಪ್ರೇಯರ್ ಎಂಜಿನ್ನಿನಂಥ ಅಲ್ಯೂಮಿನಿಯಂ ಮೈಗೆ ಉಕ್ಕಿನ ಸ್ಕ್ರೂ ಹಾಕಿರುತ್ತಾರೆ. ಎರಡು ಬೇರೆ ಲೋಹ ಸೇರಿದ ಕಡೆ ನೀರು ನಿಂತರೆ ಅಲ್ಯೂಮಿನಿಯಂ ತಿಂದು ಬಿಳಿ ಪುಡಿ ಆಗಿ ಹಿಡಿಯುತ್ತದೆ.

ಹೀಗೆ ಹಿಡಿದದ್ದನ್ನು ಬರೀ ಬಲ ಹಾಕಿ ಜಗ್ಗಿದರೆ ತುಕ್ಕು ಬಿಡುವ ಮೊದಲೇ ಬೋಲ್ಟು ಮುರಿಯುತ್ತದೆ. ತುಕ್ಕಿನ ಹಿಡಿತ ಸಡಿಲ ಮಾಡಿ, ಆಮೇಲೆ ತಿರುಗಿಸಬೇಕು. ಅದಕ್ಕೆ ಎಣ್ಣೆ, ಪೆಟ್ಟು, ಶಾಖ ಈ ಮೂರೇ ದಾರಿ.

ಮೊದಲು ಉಜ್ಜಿ, ಆಮೇಲೆ ಎಣ್ಣೆ

ನಟ್ಟಿನಿಂದ ಹೊರಗೆ ಚಾಚಿದ ಥ್ರೆಡ್ಡನ್ನು ತಂತಿ ಬ್ರಷ್ಷಿನಿಂದ ಉಜ್ಜಿ ಹೊಳಪು ಮಾಡಿ. ನಟ್ಟು ಬಿಚ್ಚಿಕೊಂಡು ಹೊರಗೆ ಬರಬೇಕಾದ್ದು ಅದೇ ದಾರಿಯಲ್ಲಿ. ಅಲ್ಲಿ ಮಣ್ಣು, ತುಕ್ಕು ಇದ್ದರೆ ಅರ್ಧ ಬಂದು ಮತ್ತೆ ಹಿಡಿಯುತ್ತದೆ.

ಎಣ್ಣೆ ಅಂದರೆ ತೆಳ್ಳಗಿರಬೇಕು, ಸಂದಿಗೆ ಇಳಿಯಬೇಕು. ಎಂಜಿನ್ ಆಯಿಲ್ ದಪ್ಪ, ಒಳಗೆ ಹೋಗುವುದಿಲ್ಲ. ಹಿಂದೆ ಸೀಮೆಎಣ್ಣೆ ಹಾಕುತ್ತಿದ್ದೆವು. ಈಗ ಅದು ಸಿಗುವುದೇ ಕಷ್ಟ, ನಾನು ಡೀಸೆಲ್ ಹಾಕುತ್ತೇನೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಡಬ್ಲ್ಯುಡಿ-40 ತರಹದ ಡಬ್ಬಿಯೂ ಆಗುತ್ತದೆ.

ನಟ್ಟು ಮೇಲ್ಮುಖವಾಗಿದ್ದರೆ ಅದರ ಸುತ್ತ ಜೇಡಿಮಣ್ಣಿನ ಪುಟ್ಟ ಕಟ್ಟೆ ಕಟ್ಟಿ ಡೀಸೆಲ್ ತುಂಬಿ. ಪಕ್ಕಕ್ಕಿದ್ದರೆ ಡೀಸೆಲ್ಲಿನಲ್ಲಿ ಅದ್ದಿದ ಬಟ್ಟೆ ಸುತ್ತಿ. ಹಾಕಿದ ತಕ್ಷಣ ಪಾನಾ ಹಿಡಿಯಬೇಡಿ. ಸಂಜೆ ಹಾಕಿ ನಾಲ್ಕು ಏಟು ತಟ್ಟಿ, ಬೆಳಿಗ್ಗೆ ಮತ್ತೆ ಹಾಕಿ ತಟ್ಟಿ. ಬಹಳ ಹಳೆಯದಕ್ಕೆ ಎರಡು-ಮೂರು ದಿನ ಬೇಕು. ವ್ಯಾನು, ಟ್ರ್ಯಾಕ್ಟರಿನ ಚಕ್ರದ ಹತ್ತಿರವಾದರೆ ಬ್ರೇಕಿಗೆ ಒಂದು ಹನಿಯೂ ತಾಗದಂತೆ ನೋಡಿ. ಲೈನರಿಗೆ ಎಣ್ಣೆ ಹಿಡಿದರೆ ಬ್ರೇಕು ಹಿಡಿಯುವುದಿಲ್ಲ.

ಪಾನಾ ಸರಿಯಿದೆಯೇ?

ಎರಡು ಕಡೆ ಮಾತ್ರ ಹಿಡಿಯುವ ಬಾಯಿ ಪಾನಾ ಇಂಥ ಕೆಲಸಕ್ಕೆ ಬೇಡ. ರಿಂಗ್ ಪಾನಾ, ಅದಕ್ಕೂ ಒಳ್ಳೆಯದು ಒಳಗೆ ಆರು ಮೂಲೆ ಇರುವ ಬಾಕ್ಸ್ ಪಾನಾ. ಅದು ನಟ್ಟಿನ ಆರೂ ಮುಖ ಹಿಡಿಯುತ್ತದೆ, ಮೂಲೆ ಸವೆಯುವುದಿಲ್ಲ.

ಹಳೆಯ ಮುಟ್ಟುಗಳಲ್ಲಿ ಇಂಚಿನ ಅಳತೆಯ ನಟ್ಟು ಇರುತ್ತವೆ. ಅರ್ಧ ಇಂಚಿಗೆ 13ರ ಪಾನಾ, ಮುಕ್ಕಾಲು ಇಂಚಿಗೆ 19ರದ್ದು ಹೊಂದಿಕೊಳ್ಳುತ್ತದೆ. ಆದರೆ 9/16ಕ್ಕೆ 14 ಹೋಗುವುದಿಲ್ಲ, 15 ಸಡಿಲ. 11/16ಕ್ಕೆ 17 ಹೋಗುವುದಿಲ್ಲ, 18 ಸಡಿಲ. ಸಡಿಲ ಪಾನಾ ಹಾಕಿದವನು ನಟ್ಟಿನ ಮೂಲೆಯನ್ನೂ ಕೈಬೆರಳನ್ನೂ ಕಳೆದುಕೊಳ್ಳುತ್ತಾನೆ.

ತಿರುಗಿಸುವ ದಿಕ್ಕನ್ನೂ ನೋಡಿ. ನಟ್ಟನ್ನು ಎದುರಿನಿಂದ ನೋಡಿದಾಗ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸಿದರೆ ಬಿಚ್ಚುತ್ತದೆ. ಗಾಡಿ ಕೆಳಗೆ ಮಲಗಿ ಕೈ ಹಾಕಿದಾಗ ದಿಕ್ಕು ತಪ್ಪಿ ಬಿಗಿ ಮಾಡಿಬಿಡುತ್ತೇವೆ. ಹುಲ್ಲು ಕೊಚ್ಚುವ ಬ್ರಷ್ ಕಟರಿನ ಬ್ಲೇಡಿನ ನಟ್ಟು ಸಾಮಾನ್ಯವಾಗಿ ಉಲ್ಟಾ. ಹಳೇ ಜೀಪುಗಳಲ್ಲಿ ಕೆಲವಕ್ಕೆ ಎಡಗಡೆ ಚಕ್ರದ ನಟ್ಟುಗಳೂ ಉಲ್ಟಾ. ಇವನ್ನು ಮುಳ್ಳು ತಿರುಗುವ ಕಡೆಗೇ ತಿರುಗಿಸಿ ಬಿಚ್ಚಬೇಕು.

ಪೆಟ್ಟಿನ ಗುಟ್ಟು

ನಟ್ಟಿನ ಒಂದು ಮುಖಕ್ಕೆ ದಪ್ಪ ಸುತ್ತಿಗೆ ಆನಿಸಿ ಹಿಡಿದು, ಎದುರು ಮುಖಕ್ಕೆ ಇನ್ನೊಂದು ಸುತ್ತಿಗೆಯಿಂದ ಹೊಡೆಯಿರಿ. ಆರೂ ಮುಖಕ್ಕೆ ಸುತ್ತಿ ಬನ್ನಿ. ಅದುರಿಗೆ ತುಕ್ಕು ಬಿರುಕು ಬಿಡುತ್ತದೆ, ಎಣ್ಣೆ ಒಳಗಿಳಿಯುತ್ತದೆ. ಬೋಲ್ಟಿನ ತುದಿಗೆ ನೇರ ಹೊಡೆಯಬೇಡಿ, ತುದಿ ಅರಳಿ ನಟ್ಟು ಹೊರಗೆ ಬರುವುದೇ ಇಲ್ಲ. ಹೊಡೆಯಲೇಬೇಕಾದರೆ ತುದಿಗೆ ಹಳೇ ನಟ್ಟೊಂದನ್ನು ಸಮಕ್ಕೆ ಹಾಕಿ, ಅದರ ಮೇಲೆ ಮರದ ತುಂಡು ಇಟ್ಟು ಹೊಡೆಯಿರಿ.

ಆಮೇಲೆ ಮೊದಲು ಬಿಗಿ ಮಾಡುವ ಕಡೆಗೆ ಒಂದು ಕೂದಲೆಳೆ ತಿರುಗಿಸಿ. ಇದು ಕಮ್ಮಾರಣ್ಣ ಹೇಳಿದ ಮಾತು, ಮೊದಲು ನನಗೆ ನಗು ಬಂದಿತ್ತು. ತುಕ್ಕಿನ ಹಿಡಿತ ಯಾವ ಕಡೆಗೆ ಮುರಿದರೂ ಮುರಿದಂತೆಯೇ. ಸ್ವಲ್ಪ ಮಿಸುಕಿದ ಮೇಲೆ ಬಿಚ್ಚುವ ಕಡೆಗೆ ಕಾಲು ಸುತ್ತು, ಮತ್ತೆ ಹಿಂದಕ್ಕೆ, ಎಣ್ಣೆ, ಮತ್ತೆ ಮುಂದಕ್ಕೆ. ಸಲೀಸಾಗಿ ಬರುತ್ತಿದ್ದದ್ದು ಬಿಗಿಯಾದರೆ ನಿಲ್ಲಿಸಿ ಹಿಂದಕ್ಕೆ ತಿರುಗಿಸಿ. ಅವಸರ ಮಾಡಿದರೆ ಅಲ್ಲೇ ಮುರಿಯುತ್ತದೆ.

ಸಣ್ಣ ಬೋಲ್ಟಿಗೆ ಪೈಪು ಹಾಕಿ ಜಗ್ಗಬೇಡಿ. ಪಾನಾದ ಹಿಡಿಗೆ ಸುತ್ತಿಗೆಯಿಂದ ಚುರುಕಾಗಿ ನಾಲ್ಕು ಏಟು ಹಾಕುವುದೇ ವಾಸಿ. ಕೈಯಿಂದಾದರೆ ಪಾನಾವನ್ನು ನಿಮ್ಮ ಕಡೆಗೆ ಎಳೆಯಿರಿ. ದೂಡಲೇಬೇಕಾದರೆ ಅಂಗೈ ಬಿಚ್ಚಿ ದೂಡಿ, ಜಾರಿದರೂ ಗೆಣ್ಣು ಉಳಿಯುತ್ತದೆ.

ಪ್ಲಸ್ ತಲೆಯ ಸ್ಕ್ರೂ

ಸ್ಪ್ರೇಯರ್, ಬೈಕು, ವ್ಯಾನುಗಳಲ್ಲಿ ಪ್ಲಸ್ ಗುರುತಿನ ಸ್ಕ್ರೂ ಇರುತ್ತವೆ. ಸ್ಕ್ರೂಡ್ರೈವರ್ ಒಮ್ಮೆ ಜಾರಿದರೆ ಗುರುತು ಅಳಿಸುತ್ತದೆ, ಮೂರನೇ ಸಲಕ್ಕೆ ಬರೀ ಗುಂಡಿ. ಆದ್ದರಿಂದ ಮೊದಲನೇ ಸಲವೇ ಸರಿಯಾಗಿ ಮಾಡಿ. ಗುರುತಿನೊಳಗಿನ ಮಣ್ಣು ಕೆರೆದು ತೆಗೆಯಿರಿ. ತುಂಬ ಕೂರುವ ಅಳತೆಯ ಸ್ಕ್ರೂಡ್ರೈವರ್ ಇಟ್ಟು ಅದರ ಹಿಂಬದಿಗೆ ಎರಡು ಏಟು ಹಾಕಿ, ಆಮೇಲೆ ಮೈಭಾರ ಬಿಟ್ಟು ತಿರುಗಿಸಿ. ತುದಿಗೆ ಚೂರು ವಾಲ್ವ್ ಉಜ್ಜುವ ಪೇಸ್ಟ್ ಹಚ್ಚಿದರೆ ಅದರ ಹರಳು ಕಚ್ಚಿ ಹಿಡಿಯುತ್ತದೆ.

ಸುತ್ತಿಗೆಯಿಂದ ಹೊಡೆದರೆ ತಾನೇ ತಿರುಗುವ ಇಂಪ್ಯಾಕ್ಟ್ ಸ್ಕ್ರೂಡ್ರೈವರ್ ಅಂತ ಒಂದು ಬರುತ್ತದೆ. ಏಟು ಬಿದ್ದಾಗ ಅದು ಸ್ಕ್ರೂವನ್ನು ಒತ್ತುತ್ತಲೇ ತಿರುಗಿಸುವುದರಿಂದ ಜಾರುವುದಿಲ್ಲ. ನಾಲ್ಕು ಮನೆಯವರು ಸೇರಿ ಒಂದು ಇಟ್ಟುಕೊಂಡರೂ ಸಾಕು. ತೆಳು ಅಲ್ಯೂಮಿನಿಯಂ ಮೇಲೆ ಮಾತ್ರ ಜೋರಾಗಿ ಹೊಡೆದೀರಿ, ಒಡೆಯುತ್ತದೆ. ಗುರುತು ಪೂರ್ತಿ ಹೋಗಿದ್ದರೆ ತಲೆಯ ಮೇಲೆ ಹ್ಯಾಕ್ಸಾದಿಂದ ಗೀರು ಕೊಯ್ದು ಚಪ್ಪಟೆ ಸ್ಕ್ರೂಡ್ರೈವರ್ ಹಾಕಿ.

ಬೆಂಕಿ: ಕೆಲಸಕ್ಕೂ ಬರುತ್ತದೆ, ಮನೆಯನ್ನೂ ಸುಡುತ್ತದೆ

ಎಣ್ಣೆಗೂ ಪೆಟ್ಟಿಗೂ ಬಗ್ಗದ್ದು ಶಾಖಕ್ಕೆ ಬಗ್ಗುತ್ತದೆ. ಬೋಲ್ಟನ್ನು ಬಿಟ್ಟು ನಟ್ಟನ್ನು ಕಾಯಿಸಬೇಕು. 16 ಮಿ.ಮೀ. ನಟ್ಟು 300 ಡಿಗ್ರಿ ಬಿಸಿಯಾದರೆ ಅದರ ತೂತು ಸುಮಾರು 0.06 ಮಿ.ಮೀ. ಹಿಗ್ಗುತ್ತದೆ, ಹೆಚ್ಚು ಕಡಿಮೆ ತಲೆಕೂದಲ ದಪ್ಪ. ಒಳಗಿನ ಬೋಲ್ಟು ಇನ್ನೂ ತಣ್ಣಗಿರುವಾಗಲೇ ತಿರುಗಿಸಬೇಕು. ಬೇಗ ಕಾಯಿಸಿ ಬೇಗ ತಿರುಗಿಸುವುದೇ ಗುಟ್ಟು. ಬರದಿದ್ದರೆ ಆರಲು ಬಿಡಿ, ಬೆಚ್ಚಗಿರುವಾಗ ಸಂದಿಗೆ ಮೇಣದಬತ್ತಿ ಒತ್ತಿ. ಮೇಣ ಕರಗಿ ಒಳಗೆ ಎಳೆದುಕೊಳ್ಳುತ್ತದೆ.

ಒಂದು ಸಲ ನನ್ನ ತಮ್ಮ ಡೀಸೆಲ್ ನೆನೆಸಿದ ನಟ್ಟಿಗೇ ಗ್ಯಾಸ್ ಟಾರ್ಚ್ ಹಿಡಿದ. ಭಗ್ ಅಂತ ಎದ್ದ ಉರಿಗೆ ಅವನ ಹುಬ್ಬು ಸುಟ್ಟಿತು. ಹತ್ತು ಮಾರು ಆಚೆ ಶೇಂಗಾ ಹೊಟ್ಟಿನ ಬಣವೆ ಇತ್ತು. ಗಾಳಿ ಆ ಕಡೆಗೆ ಬೀಸಿದ್ದರೆ ದನಗಳ ವರ್ಷದ ಮೇವು ಹೋಗುತ್ತಿತ್ತು. ಅದಕ್ಕೇ ಇವನ್ನು ಮರೆಯಬೇಡಿ:

• ಎಣ್ಣೆ ಪೂರ್ತಿ ಒರೆಸಿ, ಎಣ್ಣೆ ಬಟ್ಟೆ ದೂರ ಇಟ್ಟು ಆಮೇಲೆ ಬೆಂಕಿ. ಪಕ್ಕದಲ್ಲಿ ಮಣ್ಣು, ನೀರು ಇರಲಿ.
• ಪೆಟ್ರೋಲ್ ಟ್ಯಾಂಕು, ಪೈಪು, ಬ್ಯಾಟರಿ ಹತ್ತಿರ ಬೆಂಕಿ ಬೇಡವೇ ಬೇಡ.
• ಟೈರು ಕೂತಿರುವ ಚಕ್ರದ ಡಿಸ್ಕಿಗಾಗಲಿ, ಅದರ ನಟ್ಟಿಗಾಗಲಿ ಬೆಂಕಿ, ವೆಲ್ಡಿಂಗ್ ಕೂಡದು. ಟೈರು ಒಳಗೇ ಕಾದು ಸಿಡಿದು ಆಳು ಸಾಯಬಹುದು.
• ಬೇರಿಂಗು, ಆಯಿಲ್ ಸೀಲು, ರಬ್ಬರು ಇರುವ ಕಡೆ ಬೇಡ.
• ಬಿಳಿ ಸತುವಿನ ಲೇಪ ಇರುವ ಬೋಲ್ಟು ಕಾಯಿಸಿದರೆ ಬರುವ ಹೊಗೆ ಕುಡಿದರೆ ಜ್ವರ ಬರುತ್ತದೆ. ಬಯಲಲ್ಲಿ ಮಾಡಿ.
• ತಲೆಯ ಮೇಲೆ 8.8, 10.9 ಅಂತ ಬರೆದ ಬೋಲ್ಟು ಹದ ಕೊಟ್ಟ ಉಕ್ಕು. ಕೆಂಪಗೆ ಕಾಯಿಸಿದರೆ ಹದ ಹೋಗುತ್ತದೆ. ಮತ್ತೆ ಹಾಕದೆ ಅದೇ ನಂಬರಿನ ಹೊಸದು ತನ್ನಿ.

ಕಡೇ ದಾರಿ

ಕುಳದ ಬೋಲ್ಟಿನ ಕತ್ತು ಚೌಕ ಇರುತ್ತದೆ. ಚೌಕ ಸವೆದರೆ ನಟ್ಟಿನ ಜೊತೆ ಬೋಲ್ಟೂ ಗರಗರ ತಿರುಗುತ್ತದೆ. ಇದಕ್ಕೆ ಉಪಾಯ ಹುಡುಕುತ್ತಾ ಕೂರಬೇಡಿ. ನಟ್ಟಿನ ಒಂದು ಮುಖವನ್ನು ಹ್ಯಾಕ್ಸಾ ಅಥವಾ ಗ್ರೈಂಡರಿನಿಂದ ಮುಕ್ಕಾಲು ಪಾಲು ಕೊಯ್ದು, ಗೀರಿಗೆ ಚಾಣ ಇಟ್ಟು ಹೊಡೆದರೆ ಸೀಳಿಕೊಳ್ಳುತ್ತದೆ. ಕಣ್ಣಿಗೆ ಕನ್ನಡಕ ಇರಲೇಬೇಕು. ಹದ ಇದ್ದ ದಿನ ಬೋಲ್ಟಿನ ಕಾಸು ಎಣಿಸಬಾರದು. ನಾನೀಗ ಹತ್ತು ಹೊಸ ಬೋಲ್ಟು-ನಟ್ಟು ಯಾವಾಗಲೂ ಮನೆಯಲ್ಲಿ ಇಟ್ಟಿರುತ್ತೇನೆ.

ಬೋಲ್ಟು ತೂತಿನೊಳಗೇ ಮುರಿದು ತುಸು ಹೊರಗೆ ಉಳಿದಿದ್ದರೆ ಅದರ ಮೇಲೆ ನಟ್ಟು ಇಟ್ಟು ಒಳಗಿನಿಂದ ವೆಲ್ಡ್ ಮಾಡಿಸಿ, ಬಿಸಿ ಸ್ವಲ್ಪ ಇಳಿದ ಮೇಲೆ ಪಾನಾ ಹಾಕಿ. ವೆಲ್ಡಿಂಗಿನ ಶಾಖಕ್ಕೇ ಹಿಡಿತ ಬಿಟ್ಟಿರುತ್ತದೆ. ಗಾಡಿಯ ಮೇಲಾದರೆ ಮೊದಲು ಬ್ಯಾಟರಿ ವೈರು ಬಿಚ್ಚಿ. ಒಳಗೇ ಮುರಿದಿದ್ದರೆ ನಟ್ಟನಡುವೆ ಪಂಚ್ ಹೊಡೆದು, ಸಣ್ಣ ತೂತು ಕೊರೆದು, ಉಲ್ಟಾ ಥ್ರೆಡ್ಡಿನ ಎಕ್ಸ್‌ಟ್ರಾಕ್ಟರ್ ಹಾಕಿ ತೆಗೆಯಬೇಕು. ಆ ಎಕ್ಸ್‌ಟ್ರಾಕ್ಟರ್ ಬಹಳ ಗಡಸು. ಒಳಗೆ ಮುರಿದರೆ ಸಾಮಾನ್ಯ ಡ್ರಿಲ್ ಅದನ್ನು ಕೊರೆಯಲಾರದು. ಎಂಜಿನ್ ಭಾಗವಾದರೆ ಇದನ್ನು ಲೇತ್ ಅಂಗಡಿಯವರಿಗೇ ಬಿಡುವುದು ಲೇಸು.

ಮುಂದೆ ಹಿಡಿಯದಂತೆ

ಈಗ ಯುಗಾದಿ ಕಳೆದ ಮೇಲೆ ಒಂದು ದಿನ ಇದಕ್ಕೇ ಮೀಸಲು. ಹದಿನೆಂಟು ಬೋಲ್ಟನ್ನೂ ಬಿಚ್ಚಿ, ಉಜ್ಜಿ, ಥ್ರೆಡ್ಡಿಗೆ ಗ್ರೀಸು ಸವರಿ ಮತ್ತೆ ಹಾಕುತ್ತೇನೆ. ಬಿತ್ತನೆ ಮುಗಿದ ದಿನವೇ ಕೂರಿಗೆಯ ಗೊಬ್ಬರ ತೊಳೆದು, ಒಣಗಿಸಿ, ಹಳೇ ಎಂಜಿನ್ ಆಯಿಲ್ ಬಳಿಯುತ್ತೇನೆ. ಅಲ್ಯೂಮಿನಿಯಂಗೆ ಹಾಕುವ ಸ್ಕ್ರೂಗೂ ಗ್ರೀಸು ಸವರುವುದು ಒಳ್ಳೆಯದು. ಸ್ಪಾರ್ಕ್ ಪ್ಲಗ್ಗನ್ನು ಎಂಜಿನ್ ತಣ್ಣಗಾದ ಮೇಲೆಯೇ ಬಿಚ್ಚಿ.

ಚಕ್ರದ ನಟ್ಟಿಗೆ ಮಾತ್ರ ಗ್ರೀಸು ಬೇಡ, ಉಜ್ಜಿ ಒಣದಾಗಿಯೇ ಹಾಕಿ. ಗ್ರೀಸಿದ್ದರೆ ಅದೇ ಬಲಕ್ಕೆ ಅತಿಯಾಗಿ ಬಿಗಿದು ಸ್ಟಡ್ಡು ಎಳೆದುಹೋಗುತ್ತದೆ.

2018ರಿಂದ ಈಚೆಗೆ ಹದದ ದಿನ ನಾನು ವೆಲ್ಡಿಂಗ್ ಅಂಗಡಿ ಮುಂದೆ ನಿಂತಿಲ್ಲ. ಮಳೆ ನಮ್ಮ ಕೈಯಲ್ಲಿಲ್ಲ, ಬೆಲೆ ನಮ್ಮ ಕೈಯಲ್ಲಿಲ್ಲ. ಹದಿನೆಂಟು ಬೋಲ್ಟಾದರೂ ನಮ್ಮ ಕೈಯಲ್ಲಿ ಇರಲಿ. ನಿಮಗೆ ಇದಕ್ಕಿಂತ ಸುಲಭದ ಉಪಾಯ ಗೊತ್ತಿದ್ದರೆ ಪತ್ರಿಕೆಗೆ ಬರೆಯಿರಿ, ನಾವೂ ಮಾಡಿ ನೋಡುತ್ತೇವೆ.