ಕರಿಕಲ್ಲ ಮೇಲಿನ ಗೋಮಾ

ಪೂರ್ವ ಕಾಂಗೊದ ಗೋಮಾದಲ್ಲಿ ಎಲ್ಲಿ ನೋಡಿದರೂ ಕರಿಕಲ್ಲು. ಮನೆಯ ಕಾಂಪೌಂಡು, ರಸ್ತೆಬದಿಯ ಕಟ್ಟೆ, ಮನೆಗಳ ತಳಪಾಯ, ಎಲ್ಲವೂ ನ್ಯಿರಾಗೊಂಗೊ ಜ್ವಾಲಾಮುಖಿ ಉಗುಳಿದ ಲಾವಾ. 2002ರಲ್ಲಿ ಬೆಟ್ಟದ ಮಗ್ಗುಲು ಬಿರಿದು ಹರಿದ ಲಾವಾ ಊರನ್ನು ನಡುವೆ ಸೀಳಿತು. ವಿಮಾನ ನಿಲ್ದಾಣದ ರನ್‌ವೇಯ ಒಂದಷ್ಟು ಭಾಗವನ್ನೂ ಮುಚ್ಚಿ ಕಿವು ಸರೋವರಕ್ಕೆ ಇಳಿಯಿತು. ಅದು ಆರುತ್ತಿದ್ದಂತೆ ಜನ ಅದನ್ನೇ ಒಡೆದು ಗೋಡೆ ಕಟ್ಟಿಕೊಂಡರು.

ಬೆಳಗಾದರೆ ಉತ್ತರದ ಗುಡ್ಡಗಳಿಂದ ಚುಕುಡುಗಳು ಇಳಿಯತೊಡಗುತ್ತವೆ. ದಪ್ಪ ಮರದ ಹಲಗೆ, ಮುಂದೆ ಕೊಂಬಿನಂಥ ಹಿಡಿ, ಹಳೇ ಟೈರಿನ ರಬ್ಬರು ಸುತ್ತಿದ ಎರಡು ಪುಟ್ಟ ಮರದ ಗಾಲಿ. ಪೆಡಲಿಲ್ಲ, ಎಂಜಿನ್ನಿಲ್ಲ. ಸವಾರ ಒಂದು ಮೊಣಕಾಲು ಹಲಗೆಗೂರಿ ಇನ್ನೊಂದು ಕಾಲಲ್ಲಿ ನೆಲ ಒದೆಯುತ್ತಾನೆ. ಮೇಲೆ ಇದ್ದಿಲಿನ ಮೂಟೆ, ಆಲೂಗಡ್ಡೆ, ಎಲೆಕೋಸು. ಊರಿನವರು ಈ ಗಾಡಿಗೆ ಚಿನ್ನದ ಬಣ್ಣದ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ಗುಂಡಿನ ಸದ್ದು ಕೇಳಿ ಗುಳೆ ಹೊರಡುವ ದಿನ ಇದೇ ಹಲಗೆಯ ಮೇಲೆ ಹಾಸಿಗೆ, ಪಾತ್ರೆ, ಜೆರ್ರಿಕ್ಯಾನು ಏರುತ್ತವೆ. ಅವುಗಳ ಮೇಲೆ ಮಗು.

ಹಾಗೆ ಬಂದವರು ತಂಗುತ್ತಿದ್ದುದೂ ಲಾವಾದ ಮೇಲೆಯೇ. ಆ ನೆಲಕ್ಕೆ ಗೂಟ ಇಳಿಯುವುದಿಲ್ಲ. ಬಗ್ಗಿಸಿದ ಕೊಂಬೆಗಳ ಮೇಲೆ ಟಾರ್ಪಾಲು ಹೊದೆಸಿ, ಅಂಚಿಗೆ ಕಲ್ಲು ಹೇರಿ ಗುಡಿಸಲು ಮಾಡಿಕೊಳ್ಳಬೇಕಿತ್ತು. 1994ರಲ್ಲಿ ರುವಾಂಡಾದ ನರಮೇಧದ ಬೆನ್ನಿಗೇ ಲಕ್ಷಾಂತರ ಜನ ಗಡಿ ದಾಟಿ ಇಲ್ಲಿಗೆ ಬಂದರು. ಕಾಲರಾ ಬಡಿಯಿತು. ಮೊದಲ ತಿಂಗಳಲ್ಲೇ ಸುಮಾರು 50,000 ಮಂದಿ ಸತ್ತರು. ಹೂಳಲು ಗುಂಡಿ ತೋಡೋಣವೆಂದರೆ ನೆಲ ಬಿಟ್ಟುಕೊಡಲಿಲ್ಲ. ಹೆಣಗಳು ರಸ್ತೆಬದಿಯಲ್ಲೇ ಉಳಿದವು. ನರಮೇಧ ನಡೆಸಿದವರೂ ಆ ಜನಸಾಗರದಲ್ಲಿ ಸೇರಿ ಬಂದಿದ್ದರು. ಪೂರ್ವ ಕಾಂಗೊದ ಮೂವತ್ತು ವರ್ಷಗಳ ಕದನ ಶುರುವಾದದ್ದು ಅಲ್ಲಿಂದ.

ವಿಶ್ವಸಂಸ್ಥೆಯ ಈಗಿನ ಶಾಂತಿಪಾಲನಾ ಕಾರ್ಯಾಚರಣೆಗೆ ಬುನಾದಿ ಬಿದ್ದದ್ದು 1999ರಲ್ಲಿ. 2010ರಿಂದ ಅದರ ಹೆಸರು ಮೊನುಸ್ಕೊ. ಬಿಳಿ ವಾಹನ, ನೀಲಿ ಹೆಲ್ಮೆಟ್, ಮುಳ್ಳುತಂತಿಯ ಬೇಲಿ. ಗೋಮಾ ಇರುವ ಉತ್ತರ ಕಿವು ಪ್ರಾಂತ್ಯದ ಆ ಬೇಲಿಗಳೊಳಗೆ ವರ್ಷಾನುಗಟ್ಟಲೆ ಇದ್ದವರಲ್ಲಿ ಭಾರತೀಯ ಸೈನಿಕರೇ ಬಹಳ. ಕಾಂಗೊ ನಮ್ಮ ಸೇನೆಗೆ ಹೊಸತೂ ಅಲ್ಲ. 1961ರಲ್ಲಿ ಕಟಾಂಗಾದಲ್ಲಿ ಕಾದಾಡಿ ಮಡಿದ ಕ್ಯಾಪ್ಟನ್ ಗುರುಬಚನ್ ಸಿಂಗ್ ಸಲಾರಿಯಾ ಅವರಿಗೆ ಪರಮವೀರ ಚಕ್ರ ಸಂದಿತ್ತು.

ಆದರೆ ಕಿವಾಂಜಾವನ್ನು ಮರೆಯಲಾಗದು. ಗೋಮಾದಿಂದ ಉತ್ತರಕ್ಕೆ, ರುಟ್ಶುರು ಪಕ್ಕದ ಊರು ಅದು. 2008ರ ನವೆಂಬರಿನಲ್ಲಿ ಬಂಡುಕೋರರು ಮನೆಮನೆ ಹೊಕ್ಕು 150ರಷ್ಟು ಜನರನ್ನು ಕೊಂದರು. ಭಾರತೀಯ ತುಕಡಿಯ ನೆಲೆ ಒಂದು ಮೈಲಿಯೊಳಗೇ ಇತ್ತು. ಒಳಗಿದ್ದವರು ಕಡಿಮೆ ಸಂಖ್ಯೆಯವರು, ಸ್ಥಳೀಯರ ಮಾತು ತಿಳಿಯದವರು. ಓಣಿಗಳಲ್ಲಿ ಏನಾಗುತ್ತಿದೆ ಎಂಬ ಸುದ್ದಿ ಅವರಿಗೆ ಸರಿಯಾಗಿ ತಲುಪಲಿಲ್ಲ.

ಆಮೇಲೆ ಬಂದ ಏರ್ಪಾಡನ್ನು ನಾನು ಯಾವ ಟ್ಯಾಂಕಿಗಿಂತಲೂ ದೊಡ್ಡದೆಂದು ಎಣಿಸುತ್ತೇನೆ. ಸ್ವಾಹಿಲಿಯೂ ಆಯಾ ಸೀಮೆಯ ನುಡಿಯೂ ಬಲ್ಲ ಕಾಂಗೊದವರನ್ನೇ ಸಂಪರ್ಕ ಸಹಾಯಕರನ್ನಾಗಿ ತುಕಡಿಗಳ ಜೊತೆಗಿಟ್ಟರು. ಹಳ್ಳಿಯ ಮುಖ್ಯಸ್ಥನಿಗೆ, ಮಹಿಳಾ ಸಂಘದವರಿಗೆ ಮೊಬೈಲ್ ಫೋನು ಕೊಟ್ಟರು. ಕಾಡಂಚಿನಲ್ಲಿ ಬಂದೂಕುಧಾರಿಗಳು ಕಂಡರೆ ಕರೆ ಬರಬೇಕು, ಗಸ್ತು ಹೊರಡಬೇಕು. ಸಿಗ್ನಲ್ ಇಲ್ಲದ ಗುಡ್ಡ, ಚಾರ್ಜು ಮುಗಿದ ಫೋನು, ಮಳೆಗೆ ಕುಸಿದ ದಾರಿ, ಇವೆಲ್ಲದರ ನಡುವೆಯೂ ಸೈನಿಕ ಹಳ್ಳಿಯ ಮಾತಿಗೆ ಕಿವಿಗೊಟ್ಟದ್ದು ಅಲ್ಲಿ.

ಯುದ್ಧದ ಲೆಕ್ಕವೇ ಬೇರೆ. 2012ರ ನವೆಂಬರಿನಲ್ಲಿ ಎಂ23 ಬಂಡುಕೋರರು ಗೋಮಾ ಹೊಕ್ಕಾಗ ನೀಲಿ ಹೆಲ್ಮೆಟ್‌ಗಳು ನೋಡುತ್ತ ನಿಂತವು. ನಾಚಿಕೆಗೇಡಾಯಿತು. ಮರುವರ್ಷ ಭದ್ರತಾ ಮಂಡಳಿ ದಕ್ಷಿಣ ಆಫ್ರಿಕಾ, ತಾಂಜಾನಿಯಾ, ಮಲಾವಿ ಸೈನಿಕರ ದಾಳಿ ಬ್ರಿಗೇಡನ್ನೇ ಕಳಿಸಿತು. ಕಾಂಗೊ ಸೇನೆ ಅದರ ಬೆಂಬಲದಿಂದ ಎಂ23 ಅನ್ನು ಸೋಲಿಸಿತು. 2021ರ ಕೊನೆಗೆ ಅದು ಮತ್ತೆ ತಲೆಯೆತ್ತಿತು. ರುವಾಂಡಾ ಬೆನ್ನಿಗಿದೆ ಎಂದು ವಿಶ್ವಸಂಸ್ಥೆಯ ತಜ್ಞರು ಬರೆದರು, ರುವಾಂಡಾ ಅಲ್ಲಗಳೆಯಿತು. ಮೊಬೈಲು, ಕಂಪ್ಯೂಟರುಗಳ ಒಳಗೆ ಸೇರುವ ಕೋಲ್ಟಾನ್ ಅದಿರನ್ನು ಕೈಯಿಂದಲೇ ಅಗೆಯುವ ರುಬಾಯಾ ಗಣಿ 2024ರಲ್ಲಿ ಅದೇ ಬಂಡುಕೋರರ ಪಾಲಾಯಿತು.

ಮೊನುಸ್ಕೊ ವಿಷಯದಲ್ಲಿ ಜನರ ತಾಳ್ಮೆಯೂ ಮುಗಿದಿತ್ತು. 'ಇಷ್ಟು ವರ್ಷ ಇದ್ದು ಏನು ಮಾಡಿದಿರಿ' ಎಂಬ ಸಿಟ್ಟು 2022ರ ಜುಲೈಯಲ್ಲಿ ಬೀದಿಗೆ ಬಂತು. ಬುಟೆಂಬೊದಲ್ಲಿ ಅದರ ನೆಲೆಯ ಮೇಲೆ ನಡೆದ ದಾಳಿಯಲ್ಲಿ ನಮ್ಮ ಗಡಿ ಭದ್ರತಾ ಪಡೆಯ ಇಬ್ಬರು ಯೋಧರೂ ಮೊರೊಕ್ಕೊದ ಒಬ್ಬರೂ ಸತ್ತರು. ಪ್ರತಿಭಟನಾಕಾರರೂ ಸತ್ತರು. ಆ ಸಿಟ್ಟಿಗೆ ಕಾರಣವಿತ್ತು. ಆದರೂ ಅಷ್ಟು ದೂರದಿಂದ ಬಂದ ಆ ಯೋಧರ ಸಾವು ನನ್ನನ್ನು ಬಿಟ್ಟು ಹೋಗುತ್ತಿಲ್ಲ.

2025ರ ಜನವರಿ ಕೊನೆಗೆ ಗೋಮಾ ಎರಡನೇ ಸಲ ಎಂ23 ಕೈಗೆ ಬಿತ್ತು. ದಕ್ಷಿಣ ಆಫ್ರಿಕಾ, ಮಲಾವಿ, ಉರುಗ್ವೆಯ ಸೈನಿಕರು ಸತ್ತರು. ಆಸ್ಪತ್ರೆಗಳ ನಡುದಾರಿಗಳಲ್ಲೂ ಗಾಯಾಳುಗಳು, ಶವಾಗಾರಗಳಲ್ಲಿ ಜಾಗವಿಲ್ಲ, ವಿಮಾನ ನಿಲ್ದಾಣ ಬಂದ್. ಸೋತ ಕಾಂಗೊ ಸೈನಿಕರು ಆಯುಧವಿಟ್ಟು ಮೊನುಸ್ಕೊ ನೆಲೆಗಳೊಳಗೆ ಆಶ್ರಯ ಪಡೆದರು. ಊರು ಕಾಯಲಾಗದ ಬೇಲಿ ಅವರ ಜೀವವನ್ನಂತೂ ಕಾಯಿತು. ತಿಂಗಳುಗಳ ಬಳಿಕ ರೆಡ್‌ಕ್ರಾಸ್ ಅವರನ್ನು ಕಿನ್ಶಾಸಾಗೆ ಸಾಗಿಸಿತು.

ಫೆಬ್ರವರಿಯಲ್ಲಿ ಊರಂಚಿನ ಶಿಬಿರಗಳನ್ನು ಖಾಲಿ ಮಾಡಿ ಹಳ್ಳಿಗೆ ಹೋಗಿ ಎಂದು ಎಂ23 ಗಡುವು ಕೊಟ್ಟಿತು. ಜನ ಟಾರ್ಪಾಲು ಮಡಚಿ, ಕೊಂಬೆಗಳ ಹೊರೆ ಕಟ್ಟಿ ಹೊರಟರು. ಹಳ್ಳಿಯಲ್ಲಿ ಮನೆ ನಿಂತಿದೆಯೇ, ಹೊಲದಲ್ಲಿ ಸಿಡಿಯದೆ ಉಳಿದ ಗುಂಡುಗಳಿವೆಯೇ, ರಾತ್ರಿ ಬಾಗಿಲು ಬಡಿದರೆ ಫೋನು ಯಾರಿಗೆ ಮಾಡಬೇಕು, ಯಾರೂ ಅವರಿಗೆ ಹೇಳಿ ಕಳಿಸಲಿಲ್ಲ.