ತೈಲದ ಬೆಲೆ ಮತ್ತು ಬೆಂಬಲ ಹಡಗಿನ ಬಾಡಿಗೆ

ಸಮುದ್ರದ ತಳದಿಂದ ತೈಲ ಮತ್ತು ಅನಿಲವನ್ನು ಹೊರತೆಗೆಯುವ ರಿಗ್ಗುಗಳೂ ವೇದಿಕೆಗಳೂ ದಡದ ನೆರವಿಲ್ಲದೆ ಹೆಚ್ಚು ದಿನ ನಡೆಯಲಾರವು. ಬಾವಿಗೆ ಇಳಿಸುವ ಕೊಳವೆ, ಸಿಮೆಂಟು, ಕೊರೆತಕ್ಕೆ ಬೇಕಾದ ದಪ್ಪ ದ್ರವ, ಇಂಧನ, ಕುಡಿಯುವ ನೀರು ಇವೆಲ್ಲವನ್ನೂ ಹೊತ್ತೊಯ್ಯುವುದು ಸರಬರಾಜು ಹಡಗಿನ ಕೆಲಸವಾದರೆ, ರಿಗ್ಗನ್ನು ಎಳೆದೊಯ್ದು ಅದರ ಲಂಗರುಗಳನ್ನು ನೆಲೆಗೊಳಿಸುವುದು ಲಂಗರು ಹಡಗಿನ ಕೆಲಸ. ಇವೆರಡನ್ನೂ ಇಂಥ ಇತರ ಸೇವಾನೌಕೆಗಳನ್ನೂ ಒಟ್ಟಾಗಿ ಬೆಂಬಲ ಹಡಗುಗಳೆನ್ನುತ್ತಾರೆ. 1950ರ ದಶಕದ ನಡುವಿನಲ್ಲಿ ಅಮೆರಿಕದ ಟೈಡ್‌ವಾಟರ್ ಕಂಪನಿ ಮೆಕ್ಸಿಕೋ ಕೊಲ್ಲಿಗಾಗಿ ಕಟ್ಟಿಸಿದ ‘ಎಬ್ ಟೈಡ್’ ಇವುಗಳ ಮೂಲ ಮಾದರಿ. ಚಾಲಕ ಕೊಠಡಿಯನ್ನು ಮುಂದಕ್ಕೆ ಸರಿಸಿ, ಹಿಂಬದಿಯನ್ನು ಸರಕಿಗಾಗಿ ತೆರೆದ ಬಯಲಾಗಿ ಬಿಟ್ಟ ಅದರ ಮೈಕಟ್ಟು ಇಂದು ಮುಂಬಯಿ ಹೈ ಕ್ಷೇತ್ರದ ಸುತ್ತ ಓಡಾಡುವ ಸರಬರಾಜು ಹಡಗುಗಳಲ್ಲಿಯೂ ಉಳಿದುಬಂದಿರುವುದು ನೌಕಾವಿನ್ಯಾಸದ ಸೊಗಸಾದ ಸಂಗತಿಗಳಲ್ಲೊಂದು.

ಈ ಹಡಗುಗಳು ದಿನಬಾಡಿಗೆಯ ಮೇಲೆ ದುಡಿಯುತ್ತವೆ. ತಿಂಗಳುಗಟ್ಟಲೆ ಅಥವಾ ವರ್ಷಗಟ್ಟಲೆ ನಡೆಯುವ ಕರಾರು ಅವಧಿ ಬಾಡಿಗೆ; ಒಂದೆರಡು ದಿನಗಳ ಕೆಲಸಕ್ಕೆ ಆ ಹೊತ್ತಿನ ದರದಲ್ಲಿ ಹಿಡಿಯುವುದು ತತ್ಕಾಲ ಬಾಡಿಗೆ. ಇರುವ ಹಡಗುಗಳಲ್ಲಿ ಶೇಕಡಾ ಎಷ್ಟು ದುಡಿಯುತ್ತಿವೆ ಎಂಬುದೇ ಬಳಕೆಯ ಪ್ರಮಾಣ.

ತೈಲದ ಬೆಲೆ ಏರಿದರೆ ಬಾಡಿಗೆ ಏರುತ್ತದೆ, ಇಳಿದರೆ ಇಳಿಯುತ್ತದೆ ಎಂಬ ಸರಳ ನಂಬಿಕೆಯಲ್ಲಿಯೇ ಹೊಸ ಓದುಗರು ಎಡವುತ್ತಾರೆ. 2014ರ ಜೂನ್‌ನಲ್ಲಿ ಬ್ಯಾರೆಲ್ಲಿಗೆ 110 ಡಾಲರ್ ಮೀರಿದ್ದ ಬ್ರೆಂಟ್ ತೈಲ 2016ರ ಜನವರಿಯಲ್ಲಿ 30 ಡಾಲರಿಗಿಂತ ಕೆಳಗಿಳಿದಾಗ ಬಾಡಿಗೆಯೂ ಕುಸಿದದ್ದು ನಿಜ. ಆದರೆ 2018ರ ಅಕ್ಟೋಬರ್ ಹೊತ್ತಿಗೆ ತೈಲ ಮತ್ತೆ 80 ಡಾಲರ್ ದಾಟಿದರೂ ಹಡಗುಗಳ ಬಾಡಿಗೆ ಮಾತ್ರ ಚೇತರಿಸಿಕೊಳ್ಳಲಿಲ್ಲ. ಬೆಲೆ ಏರಿದ ಮೇಲೆ ತೈಲ ಕಂಪನಿ ಹೊಸ ಯೋಜನೆಗೆ ಒಪ್ಪಿಗೆ ಕೊಡಬೇಕು, ರಿಗ್ಗನ್ನು ಗೊತ್ತುಮಾಡಬೇಕು, ಆ ರಿಗ್ಗು ಸ್ಥಳಕ್ಕೆ ಬಂದು ಕೊರೆಯಲು ತೊಡಗಬೇಕು. ಬೆಂಬಲ ಹಡಗಿಗೆ ಕರೆ ಬರುವುದು ಇಷ್ಟೆಲ್ಲ ಆದ ಮೇಲೆ, ಅಂದರೆ ಹಲವು ಸಲ ವರ್ಷಗಳ ನಂತರ.

ಹಡಗುಗಳ ಪೂರೈಕೆ ಇನ್ನೂ ನಿಧಾನವಾಗಿ ಬದಲಾಗುತ್ತದೆ. ಟೊಮೆಟೊಗೆ ಒಳ್ಳೆಯ ಬೆಲೆ ಬಂದ ವರ್ಷ ಕೋಲಾರದ ರೈತರೆಲ್ಲ ಅದನ್ನೇ ನೆಟ್ಟು ಮುಂದಿನ ಹಂಗಾಮಿನಲ್ಲಿ ಮಾರುಕಟ್ಟೆ ತುಂಬಿ ತುಳುಕುವಂತೆ, 2014ಕ್ಕೆ ಮುಂಚಿನ ಸುಗ್ಗಿಯಲ್ಲಿ ಹಡಗು ಮಾಲೀಕರು ಎಲ್ಲೆಡೆ ಹೊಸ ಹಡಗುಗಳಿಗೆ ಮುಂಗಡ ಕೊಟ್ಟರು. ಚೀನಾದ ನೌಕಾಗಾರಗಳು ಅಲ್ಪ ಮುಂಗಡಕ್ಕೂ ಕಟ್ಟಿಕೊಡಲು ಸಿದ್ಧವಿದ್ದವು. ಮಾರಾಟವಾಗದ ಟೊಮೆಟೊ ಕೆಲವೇ ದಿನಗಳಲ್ಲಿ ಕೊಳೆತು ಹೋಗುತ್ತದೆ, ಹಡಗಾದರೋ ಇಪ್ಪತ್ತೈದು ವರ್ಷ ಬಾಳುತ್ತದೆ. ಆದ್ದರಿಂದ ಅಂದಿನ ಅತಿಯಾದ ಪೂರೈಕೆ ವರ್ಷಗಳ ಕಾಲ ಬಾಡಿಗೆಯನ್ನು ಅದುಮಿ ಹಿಡಿಯಿತು. ಈ ಬಗೆಯ ಹಡಗನ್ನು ಜಗತ್ತಿಗೆ ಕೊಟ್ಟ ಟೈಡ್‌ವಾಟರ್ ಕೂಡ 2017ರ ಮೇ ತಿಂಗಳಲ್ಲಿ ದಿವಾಳಿ ಕಾನೂನಿನ ರಕ್ಷಣೆ ಕೋರಬೇಕಾಯಿತು.

ಬಾಡಿಗೆಯು ಬಳಕೆಯ ಪ್ರಮಾಣದೊಂದಿಗೆ ಸಮನಾದ ಹೆಜ್ಜೆಗಳಲ್ಲಿ ಏರುವುದಿಲ್ಲ ಎಂಬುದು ಈ ಅಧ್ಯಾಯದ ತಿರುಳು. ಒಂದು ಪ್ರದೇಶದಲ್ಲಿ ನೂರು ಹಡಗುಗಳಿದ್ದು ಎಪ್ಪತ್ತಕ್ಕೆ ಕೆಲಸವಿದೆ ಎಂದು ಭಾವಿಸಿದರೆ, ಉಳಿದ ಮೂವತ್ತು ಹಡಗುಗಳ ಮಾಲೀಕರು ಇಂಧನವಲ್ಲದ ದಿನದ ಖರ್ಚು ಹುಟ್ಟಿದರೆ ಸಾಕೆಂದು ಪೈಪೋಟಿಗೆ ಬೀಳುತ್ತಾರೆ. ಕೆಲಸ ಎಪ್ಪತ್ತೈದಕ್ಕೆ ಏರಿದರೂ ದರ ಅಷ್ಟಾಗಿ ಕದಲುವುದಿಲ್ಲ. ಅದೇ ತೊಂಬತ್ತರಿಂದ ತೊಂಬತ್ತೈದಕ್ಕೆ ಏರಿದಾಗ ದರ ಜಿಗಿಯುತ್ತದೆ, ಏಕೆಂದರೆ ಆಳಸಮುದ್ರದ ಕೊರೆತದ ಹಡಗಿಗೆ ದಿನಕ್ಕೆ ನಾಲ್ಕೈದು ಲಕ್ಷ ಡಾಲರ್ ಬಾಡಿಗೆ ತೆರುತ್ತಿರುವ ಕಂಪನಿಯು ಬೆಂಬಲ ಹಡಗಿನ ಕೆಲವು ಸಾವಿರ ಡಾಲರ್ ಉಳಿಸಲು ಹೋಗಿ ಕೊರೆತವನ್ನೇ ನಿಲ್ಲಿಸಿ ಕೂರಲಾರದು. ಉತ್ತರ ಸಮುದ್ರದ ತತ್ಕಾಲ ಮಾರುಕಟ್ಟೆಯಲ್ಲಿ ಬಿಡುವಾದ ಹಡಗುಗಳು ಕೈಬೆರಳೆಣಿಕೆಗೆ ಇಳಿದಾಗ ಲಂಗರು ಹಡಗಿನ ದರ ಕೆಲವೇ ದಿನಗಳಲ್ಲಿ ಹಲವು ಪಟ್ಟು ಹೆಚ್ಚುವುದೂ, ಕೆಲಸ ಮುಗಿಸಿದ ನಾಲ್ಕಾರು ಹಡಗುಗಳು ಬಂದರಿಗೆ ಮರಳಿದೊಡನೆ ಕುಸಿಯುವುದೂ ಈ ನಿಯಮಕ್ಕೆ ಕಣ್ಣೆದುರಿನ ಸಾಕ್ಷಿ. ಅರ್ಥಶಾಸ್ತ್ರದ ಪಠ್ಯದಲ್ಲಿ ಬರಿಯ ಬಾಗಿದ ಗೆರೆಯಾಗಿ ಕಾಣುವ ತತ್ವವೊಂದು ಇಷ್ಟು ಢಾಳಾಗಿ ಗೋಚರಿಸುವ ಮಾರುಕಟ್ಟೆಗಳು ವಿರಳ.

ಇದರೊಂದಿಗೆ ನೆನಪಿಡಬೇಕಾದ ಮತ್ತೊಂದು ಸೂಕ್ಷ್ಮವಿದೆ. ಪಟ್ಟಿಯಲ್ಲಿರುವ ಹಡಗುಗಳೆಲ್ಲ ಕಡಲಿಗಿಳಿಯಬಲ್ಲ ಹಡಗುಗಳಲ್ಲ. ಕೆಲಸವಿಲ್ಲದ ಹಡಗನ್ನು ಸಿಬ್ಬಂದಿ ತೆಗೆದು ಲಂಗರು ಹಾಕಿ ನಿಲ್ಲಿಸಿದಾಗ ಯಂತ್ರಗಳು ತುಕ್ಕು ಹಿಡಿಯುತ್ತವೆ, ಐದು ವರ್ಷಗಳಿಗೊಮ್ಮೆ ಆಗಬೇಕಾದ ವಿಶೇಷ ತಪಾಸಣೆ ಬಾಕಿ ಉಳಿಯುತ್ತದೆ, ಬಿಡಿಭಾಗಗಳು ಬೇರೆ ಹಡಗುಗಳಿಗೆ ಹೋಗುತ್ತವೆ. ಮತ್ತೆ ಎಬ್ಬಿಸುವ ಖರ್ಚು ಹಡಗಿನ ಬೆಲೆಯನ್ನೇ ಮೀರುವ ಸಂದರ್ಭಗಳಲ್ಲಿ ಅದು ಲೆಕ್ಕದಲ್ಲಷ್ಟೇ ಉಳಿದ ಹಡಗು.

ಈ ಎರಡು ಸಂಗತಿಗಳನ್ನು ಹಿಡಿದು ನೋಡಿದರೆ ಬಾಡಿಗೆಯ ಇತ್ತೀಚಿನ ಏರಿಕೆ ಸುಲಭವಾಗಿ ಅರ್ಥವಾಗುತ್ತದೆ. ನಷ್ಟ ಉಂಡ ಬ್ಯಾಂಕುಗಳು ಹೊಸ ಹಡಗಿಗೆ ಸಾಲ ಕೊಡಲು ಹಿಂಜರಿದವು, ನಾಳಿನ ಇಂಧನ ಯಾವುದೆಂಬ ಗೊಂದಲವೂ ಅದಕ್ಕೆ ಸೇರಿತು, ಹಳೆಯ ಹಡಗುಗಳು ಗುಜರಿಗೆ ಹೋದವು. ಟೈಡ್‌ವಾಟರ್ 2018ರಲ್ಲಿ ಗಲ್ಫ್‌ಮಾರ್ಕ್ ಕಂಪನಿಯನ್ನೂ 2022ರಲ್ಲಿ ಸ್ವೈರ್ ಪೆಸಿಫಿಕ್ ಆಫ್‌ಶೋರ್ ಕಂಪನಿಯನ್ನೂ ತನ್ನೊಳಗೆ ಸೇರಿಸಿಕೊಂಡು, 2023ರಲ್ಲಿ ನಾರ್ವೆಯ ಸೋಲ್‌ಸ್ಟಾಡ್‌ನಿಂದ 37 ಹಡಗುಗಳನ್ನು ಕೊಂಡುದರಿಂದ ಒಡೆತನವೂ ಕೆಲವೇ ಕೈಗಳಲ್ಲಿ ಕೂಡಿತು. ಇತ್ತ ಬ್ರೆಜಿಲ್ ಮತ್ತು ಗಯಾನಾದ ಆಳಸಮುದ್ರದಲ್ಲಿ ಕೆಲಸ ಹೆಚ್ಚಿತು. ಕಡಲ ಗಾಳಿಯಂತ್ರಗಳ ನಿರ್ಮಾಣವೂ ಕೆಲವು ಬಗೆಯ ಹಡಗುಗಳಿಗೆ ಕೆಲಸ ಒದಗಿಸಿತು. ಪರಿಣಾಮವಾಗಿ 2021ರಲ್ಲಿ ಸುಮಾರು 10 ಸಾವಿರ ಡಾಲರಿನಷ್ಟಿದ್ದ ಟೈಡ್‌ವಾಟರ್‌ನ ಸರಾಸರಿ ದಿನಬಾಡಿಗೆ 2024ರಲ್ಲಿ 20 ಸಾವಿರ ದಾಟಿತು. ಮುಂದಿನ ಇಳಿತದ ಮುನ್ಸೂಚನೆ ಬೇಕಾದವರು ತೈಲದ ದರಪಟ್ಟಿಗಿಂತ ಮೊದಲು ನೌಕಾಗಾರಗಳ ಮುಂಗಡ ಪುಸ್ತಕವನ್ನೂ ರಿಗ್ಗುಗಳ ಕರಾರುಗಳನ್ನೂ ಗಮನಿಸಬೇಕು.

ಈ ಏರಿಳಿತ ಕರ್ನಾಟಕದ ಕರಾವಳಿಗೆ ಹೊರಗಿನದಲ್ಲ. ತೈಲಕ್ಷೇತ್ರದ ಬೆಂಬಲ ಹಡಗುಗಳನ್ನು ಕಟ್ಟುತ್ತಿದ್ದ ಮಲ್ಪೆಯ ಟೆಬ್ಮಾ ನೌಕಾಗಾರವು ದಿವಾಳಿ ಪ್ರಕ್ರಿಯೆಯ ಮೂಲಕ 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡಿನ ಕೈಸೇರಿ, ಈಗ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎಂಬ ಹೆಸರಿನಲ್ಲಿ ಟಗ್ಗುಗಳನ್ನೂ ಸರಕು ಹಡಗುಗಳನ್ನೂ ಕಟ್ಟುತ್ತಿದೆ. ಹಡಗು ಕಟ್ಟುವ ಕೈಗಳಿರುವ ನಾಡಿನಲ್ಲಿ ಹಡಗಿನ ಮಾರುಕಟ್ಟೆಯನ್ನು ಓದುವ ಕಣ್ಣುಗಳೂ ಇರಬೇಕಾದ್ದು ನ್ಯಾಯ. ಆದುದರಿಂದ ಕರಾವಳಿಯ ವಾಣಿಜ್ಯ ಮತ್ತು ಅರ್ಥಶಾಸ್ತ್ರ ವಿಭಾಗಗಳು ನೌಕಾ ಅರ್ಥಶಾಸ್ತ್ರವನ್ನು ಪಠ್ಯಕ್ಕೆ ತರಬೇಕು. ವಿದ್ಯಾರ್ಥಿಗಳು ಕಂಪನಿಗಳ ತ್ರೈಮಾಸಿಕ ವರದಿಗಳಿಂದ ಬಾಡಿಗೆ, ಬಳಕೆ, ಮುಂಗಡ ಈ ಮೂರನ್ನು ಒಂದೇ ಹಾಳೆಯಲ್ಲಿ ಗುರುತಿಸುತ್ತ ಹೋದರೆ, ಕನ್ನಡದಲ್ಲಿ ಈ ವಿಷಯದ ಮುಂದಿನ ಪುಸ್ತಕಕ್ಕೆ ಅಲ್ಲಿಂದಲೇ ಬುನಾದಿ ಬೀಳುತ್ತದೆ.