ಕಮಾಂಡೋ ಆಗುವ ಆಸೆಯೇ? ಮೊದಲು ದೇಹದ ಮಾತು ಕೇಳಿ

ಪಿ.ಯು.ಸಿ. ಮುಗಿಸಿದ ಮಗ ಬೆಳಗಿನ ನಾಲ್ಕು ಗಂಟೆಗೇ ಎದ್ದು, ಬೆನ್ನಿನ ಚೀಲಕ್ಕೆ ಇಟ್ಟಿಗೆ ತುಂಬಿಕೊಂಡು ಓಡತೊಡಗಿದ್ದಾನೆಯೇ? ರಾತ್ರಿ ಹೊತ್ತು ಮೊಬೈಲಿನಲ್ಲಿ ಮೆರೂನ್ ಟೋಪಿಯ ಯೋಧರ ದೃಶ್ಯಗಳನ್ನು ನೋಡುತ್ತ, 'ನಾನು ಪ್ಯಾರಾ ಕಮಾಂಡೋ ಆಗುತ್ತೇನೆ' ಎನ್ನುತ್ತಿದ್ದಾನೆಯೇ? ಇಂತಹ ಮನೆಗಳಲ್ಲಿ ಸಾಮಾನ್ಯವಾಗಿ ತಂದೆಗೆ ಹೆಮ್ಮೆ, ತಾಯಿಗೆ ಆತಂಕ. 'ಬೇಡವೇ ಬೇಡ' ಎಂದು ಗದರಿಸುವುದು ಸರಿಯಲ್ಲ. 'ಭೇಷ್' ಎಂದು ಬೆನ್ನು ತಟ್ಟಿ ಸುಮ್ಮನಾಗುವುದೂ ಸರಿಯಲ್ಲ. ಈ ಆಸೆಯನ್ನು ಮನೆಯವರೆಲ್ಲ ಕುಳಿತು ಅಳೆದು ನೋಡಬೇಕು. ಹಾಗೆ ಅಳೆಯಲು ಬೇಕಾದ ಕೆಲವು ವಿಷಯಗಳು ಇಲ್ಲಿವೆ.

ದಾರಿ ಯಾವುದು?

ಎಷ್ಟೋ ಹುಡುಗರು ಕಮಾಂಡೋ ಹುದ್ದೆಗೆಂದೇ ಪ್ರತ್ಯೇಕ ಅರ್ಜಿ ಇರುತ್ತದೆಂದು ತಿಳಿದಿದ್ದಾರೆ. ಹಾಗಿಲ್ಲ. ಮೊದಲು ಸೈನಿಕನಾಗಬೇಕು, ಆಮೇಲೆ ಈ ಮಾತು. ಭೂಸೇನೆಯಲ್ಲಿ ಪ್ಯಾರಾ ವಿಶೇಷ ಪಡೆ, ನೌಕಾಪಡೆಯಲ್ಲಿ 1987ರಲ್ಲಿ ಆರಂಭವಾದ ಮಾರ್ಕೋಸ್, ವಾಯುಪಡೆಯಲ್ಲಿ 2004ರಲ್ಲಿ ರೂಪುಗೊಂಡ ಗರುಡ ಪಡೆ ಇವೆ. ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ನಮ್ಮ ಬೆಂಗಳೂರಿನಲ್ಲೇ ಇದೆ. ಭರ್ತಿಯಾದವರಲ್ಲಿ ಕೆಲವರು ನೇರವಾಗಿ ಈ ರೆಜಿಮೆಂಟಿಗೆ ಬರುತ್ತಾರೆ, ಇನ್ನು ಕೆಲವರು ಬೇರೆ ರೆಜಿಮೆಂಟುಗಳಿಂದ ಸ್ವಇಚ್ಛೆಯಿಂದ ಬರುತ್ತಾರೆ. ಇಬ್ಬರೂ ಕಠಿಣವಾದ ಆಯ್ಕೆ ಪರೀಕ್ಷೆಯ ಅವಧಿಯನ್ನು ದಾಟಬೇಕು. ಬೆಳಗಾವಿಯಲ್ಲಿ ನಡೆಯುವ ಕಮಾಂಡೋ ತರಬೇತಿ ಬೇರೆ. ಅದನ್ನು ಮುಗಿಸಿದವರು ಬಹುಮಟ್ಟಿಗೆ ತಮ್ಮ ಪಡೆಗೆ ಹಿಂದಿರುಗಿ ಅಲ್ಲಿನ ಘಾತಕ್ ತುಕಡಿಯಲ್ಲಿ ಸೇವೆ ಮಾಡುತ್ತಾರೆ.

2022ರಿಂದ ಜವಾನರ ಭರ್ತಿ ಅಗ್ನಿಪಥ ಯೋಜನೆಯಡಿ ನಡೆಯುತ್ತಿದೆ. ನಾಲ್ಕು ವರ್ಷದ ಸೇವೆಯ ನಂತರ ಗರಿಷ್ಠ ಶೇ. 25ರಷ್ಟು ಮಂದಿಗೆ ಮಾತ್ರ ಮುಂದುವರಿಯಲು ಅವಕಾಶ ಎಂಬುದು ಈ ಯೋಜನೆಯ ನಿಯಮವಾಗಿ ಪ್ರಕಟವಾದದ್ದು. ಅಧಿಕಾರಿಯಾಗಬೇಕೆಂದರೆ ಎನ್.ಡಿ.ಎ., ಸಿ.ಡಿ.ಎಸ್. ಪರೀಕ್ಷೆಗಳ ದಾರಿ ಇದೆ. ವಿಶೇಷ ಪಡೆಯ ಪರೀಕ್ಷೆಗೆ ಹೋದವರಲ್ಲಿ ಹೆಚ್ಚಿನವರು ಹಿಂದಿರುಗುತ್ತಾರೆ. ಆದ್ದರಿಂದ ಮಗನಿಗೆ ಕೇಳಬೇಕಾದ ಮೊದಲ ಪ್ರಶ್ನೆ ಇದು: 'ಕಮಾಂಡೋ ಆಗದೆ ಹೋದರೆ ಸಾಮಾನ್ಯ ಸೈನಿಕನಾಗಿ ಸಂತೋಷದಿಂದ ಇರುವೆಯಾ?' ಉತ್ತರ 'ಇಲ್ಲ' ಎಂದಾದರೆ ಇನ್ನೊಮ್ಮೆ ಯೋಚಿಸುವುದು ಒಳ್ಳೆಯದು.

ತಯಾರಿಗೆ ಮುನ್ನ ತಪಾಸಣೆ

ಎರಡು ವರ್ಷ ಬೆವರು ಸುರಿಸಿ, ಕೊನೆಗೆ ವೈದ್ಯಕೀಯ ಪರೀಕ್ಷೆಯಲ್ಲಿ ಬಣ್ಣ ಗುರುತಿಸಲಾಗದೆ ಹೊರಬಂದ ಹುಡುಗನ ದುಃಖ ಹೇಳತೀರದು. ವರ್ಣಾಂಧತೆ ಬಹುಪಾಲು ಹುಟ್ಟಿನಿಂದಲೇ ಬರುವಂಥದು, ಅದಕ್ಕೆ ಔಷಧವಿಲ್ಲ. ಚುಕ್ಕಿಗಳ ನಡುವೆ ಅಂಕಿ ಓದಿಸುವ ಪರೀಕ್ಷೆಯನ್ನು ಯಾವ ಕಣ್ಣಿನ ವೈದ್ಯರಾದರೂ ಐದೇ ನಿಮಿಷದಲ್ಲಿ ಮಾಡಿಬಿಡುತ್ತಾರೆ. ಇದನ್ನು ಮೊದಲ ದಿನವೇ ಮಾಡಿಸಿ. ಕನ್ನಡಕ ತಪ್ಪಿಸಲೆಂದು ಆತುರದಿಂದ ಲೇಸರ್ ಚಿಕಿತ್ಸೆ ಮಾಡಿಸಬೇಡಿ. ಅದಕ್ಕೆ ಒಂದೊಂದು ಹುದ್ದೆಗೆ ಒಂದೊಂದು ನಿಯಮವಿದೆ. ಆ ವರ್ಷದ ಅಧಿಸೂಚನೆ ಓದಿದ ಮೇಲೆಯೇ ತೀರ್ಮಾನಿಸಿ.

ಪಾದವನ್ನು ಮನೆಯಲ್ಲೇ ನೋಡಬಹುದು. ಒದ್ದೆ ಕಾಲಿನಿಂದ ಒಣ ನೆಲದ ಮೇಲೆ ಹೆಜ್ಜೆ ಇಡಿಸಿ. ಒಳಬದಿಯಲ್ಲಿ ಖಾಲಿ ಜಾಗವಿಲ್ಲದೆ ಇಡೀ ಪಾದದ ಅಚ್ಚು ಮೂಡಿದರೆ ಚಪ್ಪಟೆ ಪಾದವಿರಬಹುದು. ತುದಿಗಾಲಿನಲ್ಲಿ ನಿಂತಾಗ ಕಮಾನು ಕಾಣಿಸಿಕೊಂಡರೆ ಅಷ್ಟಾಗಿ ತೊಂದರೆಯಿಲ್ಲ. ಕಾಣಿಸದಿದ್ದರೆ ಮೂಳೆ ವೈದ್ಯರಿಗೆ ತೋರಿಸಿ. ಮಂಡಿಗಳು ಒಂದಕ್ಕೊಂದು ತಗಲುವಿಕೆ, ಕಾಲಿನ ನರ ಉಬ್ಬುವಿಕೆ, ಹರ್ನಿಯಾ, ವೃಷಣದಲ್ಲಿ ನೀರು ತುಂಬುವುದು, ಮೂಲವ್ಯಾಧಿ, ಕಿವಿ ಸೋರುವುದು ಇವನ್ನೂ ಪರೀಕ್ಷಿಸಿಕೊಳ್ಳಬೇಕು. ಇವುಗಳಲ್ಲಿ ಹಲವನ್ನು ಮುಂಚೆಯೇ ಸರಿಪಡಿಸಬಹುದು.

ಹೃದಯದ ವಿಷಯವನ್ನು ಮರೆಯಬೇಡಿ. ಓಡುವಾಗ ಕಣ್ಣು ಕತ್ತಲಿಟ್ಟು ಬಿದ್ದದ್ದು, ಎದೆ ನೋವು, ಅಥವಾ ಮನೆತನದಲ್ಲಿ ನಲವತ್ತರೊಳಗೆ ಯಾರಾದರೂ ಹಠಾತ್ತನೆ ತೀರಿಕೊಂಡದ್ದು ಇದ್ದರೆ ಇ.ಸಿ.ಜಿ. ಮತ್ತು ಎಕೋ ಪರೀಕ್ಷೆಯಾಗದೆ ಕಠಿಣ ವ್ಯಾಯಾಮ ಆರಂಭಿಸಲೇಬಾರದು. ಆರೋಗ್ಯವಂತನಂತೆ ಕಾಣುವ ತರುಣನಲ್ಲೂ ಹೃದಯದ ಸ್ನಾಯು ಹುಟ್ಟಿನಿಂದಲೇ ದಪ್ಪಗಾಗುವ ದೋಷ ಇರುವುದುಂಟು.

ಮೂಳೆಗೂ ಸಮಯ ಬೇಕು

ಹುಡುಗರ ಉಸಿರು ಬೇಗ ಹದಕ್ಕೆ ಬರುತ್ತದೆ, ಸ್ನಾಯುವೂ ಕೆಲವು ವಾರಗಳಲ್ಲಿ ಗಟ್ಟಿಯಾಗುತ್ತದೆ. ಮೂಳೆ ಮಾತ್ರ ನಿಧಾನ. ಹೊಸ ಭಾರ ಬಿದ್ದಾಗ ದೇಹ ಮೊದಲು ಹಳೆಯ ಮೂಳೆಯ ಕಣಗಳನ್ನು ತೆಗೆದುಹಾಕಿ, ಆಮೇಲೆ ಹೊಸದನ್ನು ಕಟ್ಟುತ್ತದೆ. ಹಳೆ ಗೋಡೆ ಕೆಡವಿ ಹೊಸ ಗೋಡೆ ಏಳುವವರೆಗೆ ಮನೆ ದುರ್ಬಲವಾಗಿರುತ್ತದಲ್ಲವೇ? ಹಾಗೆಯೇ ತರಬೇತಿ ಶುರುವಾದ ಮೂರನೆಯ, ನಾಲ್ಕನೆಯ ವಾರ ಮೂಳೆ ಸೊರಗಿರುತ್ತದೆ. 'ಈಗ ದಮ್ಮು ಬಂದಿದೆ' ಎಂದು ಹುಡುಗ ದೂರವನ್ನು ಇಮ್ಮಡಿ ಮಾಡುವುದೂ ಆಗಲೇ! ಮೊಣಕಾಲಿನ ಕೆಳಗಿನ ಮೂಳೆ ಅಥವಾ ಪಾದದ ಮೂಳೆ ಸಣ್ಣಗೆ ಬಿರುಕು ಬಿಡುವುದು ಹೀಗೆ.

ಲಕ್ಷಣಗಳು: ಮೊದಲು ಓಟದ ಕೊನೆಯಲ್ಲಿ ಮಾತ್ರ ನೋವು. ಕ್ರಮೇಣ ಓಟದ ಆರಂಭದಲ್ಲೇ ನೋವು. ಕೊನೆಗೆ ಮಲಗಿದಾಗಲೂ ನೋವು. ಬೆರಳಿನಿಂದ ಒತ್ತಿದರೆ ಒಂದೇ ಜಾಗದಲ್ಲಿ ಚುಚ್ಚಿದಂತಾಗುತ್ತದೆ. ಮೊದಲ ಎರಡು ಮೂರು ವಾರ ಎಕ್ಸ್-ರೇಯಲ್ಲಿ ಏನೂ ಕಾಣದೇ ಇರಬಹುದು. 'ಎಕ್ಸ್-ರೇ ಸರಿಯಿದೆ' ಎಂದು ನೋವಿನ ಮಾತ್ರೆ ನುಂಗಿ ಓಡಿದರೆ ಬಿರುಕು ಪೂರ್ತಿ ಮುರಿತವಾಗುವ ಅಪಾಯವಿದೆ. ಬೇಗ ಗುರುತಿಸಿದರೆ ಸಾಮಾನ್ಯವಾಗಿ ಆರರಿಂದ ಎಂಟು ವಾರಗಳ ವಿಶ್ರಾಂತಿಯಲ್ಲಿ ಕೂಡಿಕೊಳ್ಳುತ್ತದೆ.

ಹಾಗಾದರೆ ತಯಾರಿ ಹೇಗೆ? ಕನಿಷ್ಠ ಒಂದು ವರ್ಷದ ಲೆಕ್ಕ ಇಟ್ಟುಕೊಳ್ಳಿ. ವಾರಕ್ಕೆ ಮೂರು ನಾಲ್ಕು ದಿನ ಓಟ ಸಾಕು, ಅದರಲ್ಲಿ ಹೆಚ್ಚಿನದು ಮಾತನಾಡುತ್ತ ಓಡಬಹುದಾದಷ್ಟು ನಿಧಾನವಾಗಿರಲಿ. ವಾರದ ಒಟ್ಟು ದೂರವನ್ನು ಸುಮಾರು ಹತ್ತನೇ ಒಂದು ಪಾಲಿಗಿಂತ ಹೆಚ್ಚು ಏರಿಸಬೇಡಿ. ನಾಲ್ಕು ವಾರಕ್ಕೊಮ್ಮೆ ಒಂದು ವಾರ ದೂರ ತಗ್ಗಿಸಿ. ಡಾಂಬರು ರಸ್ತೆಗಿಂತ ಮಣ್ಣಿನ ಮೈದಾನ ಲೇಸು. ದಂಡ, ಬಸ್ಕಿ, ಪುಲ್-ಅಪ್‌ಗಳು ವಾರಕ್ಕೆ ಎರಡು ಮೂರು ದಿನ. ಬೆನ್ನಿನ ಹೊರೆ ಕೊನೆಯಲ್ಲಿ ಬರಲಿ: ಆರು ತಿಂಗಳ ಅಭ್ಯಾಸದ ನಂತರ, ದೇಹತೂಕದ ಹತ್ತನೇ ಒಂದು ಭಾಗದಿಂದ ಆರಂಭಿಸಿ, ವಾರಕ್ಕೊಂದೇ ದಿನ. ಹೊರೆ ಹೊತ್ತು ನಡೆಯಬೇಕು, ಓಡಬಾರದು. ಭರ್ತಿಯ ಮೈದಾನದಲ್ಲಿ ಕೇಳುವುದು 1.6 ಕಿ.ಮೀ. ಓಟ, ಪುಲ್-ಅಪ್, 9 ಅಡಿ ಹಳ್ಳದ ಜಿಗಿತ, ಸಮತೋಲನದ ನಡಿಗೆ. ಇಟ್ಟಿಗೆ ಚೀಲವನ್ನು ಅಲ್ಲಿ ಯಾರೂ ಕೇಳುವುದಿಲ್ಲ.

ಮೂರು ಅಪಾಯಗಳು, ಮನೆಯವರಿಗೂ ಗೊತ್ತಿರಲಿ

ಮೊದಲನೆಯದು ಬಿಸಿಲಿನ ಆಘಾತ. 2013ರ ಜುಲೈನಲ್ಲಿ ಬ್ರಿಟನ್ನಿನ ವೇಲ್ಸ್ ಬೆಟ್ಟಗಳಲ್ಲಿ ಅಲ್ಲಿನ ವಿಶೇಷ ಪಡೆಯ ಆಯ್ಕೆ ನಡಿಗೆಯ ವೇಳೆ ಬಿಸಿಲಿಗೆ ಸಿಲುಕಿ ಮೂವರು ಪ್ರಾಣ ಕಳೆದುಕೊಂಡರು. ಅಂದಿನ ತಾಪ ನಮ್ಮ ರಾಯಚೂರು, ಕಲಬುರಗಿಯ ಬೇಸಿಗೆಗೆ ಹೋಲಿಸಿದರೆ ಏನೇನೂ ಅಲ್ಲ. ದುಡಿಯುವ ಸ್ನಾಯು ಒಳಗೇ ಬೆಂಕಿ ಉರಿಸುತ್ತದೆ. ಬೆನ್ನಿನ ಹೊರೆ, ದಪ್ಪ ಬಟ್ಟೆ ಆ ಶಾಖವನ್ನು ಹೊರಗೆ ಬಿಡುವುದಿಲ್ಲ. ಛಲವಿರುವವನು ನಿಲ್ಲುವುದೂ ಇಲ್ಲ. ಓಡುತ್ತಿದ್ದವನು ತಡಬಡಿಸಿದರೆ, ಅಸಂಬದ್ಧ ಮಾತನಾಡಿದರೆ, ಮೈ ಸುಡುತ್ತಿದ್ದರೆ ಕ್ಷಣವೂ ಕಾಯಬೇಡಿ. ಬೆವರುತ್ತಿದ್ದಾನಲ್ಲ ಎಂದು ಸಮಾಧಾನಪಟ್ಟುಕೊಳ್ಳಬೇಡಿ. ನೆರಳಿಗೆ ತಂದು, ಬಟ್ಟೆ ತೆಗೆದು, ಕೊಡ ಕೊಡ ತಣ್ಣೀರು ಸುರಿದು ಗಾಳಿ ಬೀಸಿ. 108ಕ್ಕೆ ಕರೆ ಮಾಡಿ, ವಾಹನ ಬರುವವರೆಗೂ ತಣಿಸುತ್ತಲೇ ಇರಿ. ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕಬೇಡಿ. ಹೊಸ ಬಿಸಿಲಿಗೆ ದೇಹ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಮಲೆನಾಡಿನ ಹುಡುಗ ಬಯಲುಸೀಮೆಯ ಭರ್ತಿಗೆ ಹೋಗುವಾಗ ಇದು ನೆನಪಿರಲಿ. ಜ್ವರವಿದ್ದ ದಿನ ಓಟ ಬೇಡ.

ನೀರು ಕುಡಿಯಬೇಕು, ಆದರೆ ಒತ್ತಾಯದಿಂದ ಕೊಡಗಟ್ಟಲೆ ಕುಡಿಯುವುದೂ ತಪ್ಪು. ರಕ್ತದಲ್ಲಿ ಉಪ್ಪಿನಂಶ ಇಳಿದು ಫಿಟ್ಸ್ ಬರುವ ಸಾಧ್ಯತೆ ಇದೆ. ಬಾಯಾರಿಕೆಗೆ ತಕ್ಕಷ್ಟು ಕುಡಿಯಿರಿ. ದೀರ್ಘ ಓಟದ ನಂತರ ಉಪ್ಪು ಹಾಕಿದ ಮಜ್ಜಿಗೆ ಒಳ್ಳೆಯದು.

ಎರಡನೆಯದು ಸ್ನಾಯು ಕರಗುವಿಕೆ. ಅಭ್ಯಾಸವಿಲ್ಲದವನು ಪಂಥ ಕಟ್ಟಿ ಒಂದೇ ದಿನ ಐನೂರು ಬಸ್ಕಿ ಹೊಡೆದರೆ ಸ್ನಾಯುವಿನ ಕಣಗಳು ಒಡೆದು ಅವುಗಳ ಬಣ್ಣದ ವಸ್ತು ರಕ್ತಕ್ಕೆ ಸೇರುತ್ತದೆ. ಅದು ಮೂತ್ರಪಿಂಡವನ್ನು ಕೆಡಿಸಬಲ್ಲುದು. ಒಂದೆರಡು ದಿನಗಳಲ್ಲಿ ತೊಡೆ ಊದಿ, ತಡೆಯಲಾರದ ನೋವು ಬಂದು, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಎಣ್ಣೆ ತಿಕ್ಕಿ ಕಾಯುವ ಸಮಯವಲ್ಲ.

ಮೂರನೆಯದು ನೀರಿನೊಳಗೆ ಉಸಿರು ಕಟ್ಟುವ ಆಟ. ಮಾರ್ಕೋಸ್ ಆಗಬೇಕೆಂಬ ಹುಡುಗರು ಬಾವಿ, ಕೆರೆಗಳಲ್ಲಿ ಇದನ್ನು ಅಭ್ಯಾಸ ಮಾಡುವುದುಂಟು. ಉಸಿರಾಡಬೇಕೆಂಬ ತಹತಹ ಹುಟ್ಟಿಸುವುದು ಮುಖ್ಯವಾಗಿ ರಕ್ತದಲ್ಲಿ ಏರುವ ಇಂಗಾಲದ ಡೈ ಆಕ್ಸೈಡ್. ಮುಳುಗುವ ಮುನ್ನ ಜೋರಾಗಿ ಹಲವು ಬಾರಿ ಉಸಿರೆಳೆದು ಬಿಟ್ಟರೆ ಆ ಅನಿಲ ತೀರಾ ಇಳಿಯುತ್ತದೆ. ತಹತಹ ಏಳುವ ಮೊದಲೇ ಆಮ್ಲಜನಕ ಮುಗಿದು, ಯಾವ ಸೂಚನೆಯೂ ಇಲ್ಲದೆ ಎಚ್ಚರ ತಪ್ಪುತ್ತದೆ. ಈಜು ಬಲ್ಲವರೇ ಹೀಗೆ ಸಾಯುತ್ತಾರೆ. ಈಜು ಕಲಿಯಲಿ, ಚೆನ್ನಾಗಿ ಕಲಿಯಲಿ. ಉಸಿರು ಕಟ್ಟುವ ಅಭ್ಯಾಸ ಮಾತ್ರ ತರಬೇತುದಾರರಿಲ್ಲದೆ ಬೇಡ.

ಊಟ, ನಿದ್ದೆಯೇ ಬಂಡವಾಳ

ಕಮಾಂಡೋಗಳು ಹಸಿದಿರುತ್ತಾರೆ, ನಿದ್ದೆಗೆಡುತ್ತಾರೆ, ಆದ್ದರಿಂದ ಈಗಲೇ ಅಭ್ಯಾಸ ಮಾಡಿಕೊಳ್ಳುತ್ತೇನೆ ಎನ್ನುವ ಹುಡುಗರಿದ್ದಾರೆ. ಇದು ತಪ್ಪು ಲೆಕ್ಕ. 1990ರ ದಶಕದ ಆರಂಭದಲ್ಲಿ ಅಮೆರಿಕದ ರೇಂಜರ್ ಶಾಲೆಯ ಅಭ್ಯರ್ಥಿಗಳನ್ನು ವೈದ್ಯರು ಅಧ್ಯಯನ ಮಾಡಿದರು. ಎರಡು ತಿಂಗಳ ಅರೆಹೊಟ್ಟೆ, ಅರೆನಿದ್ದೆಯಲ್ಲಿ ಅವರ ತೂಕ ಸರಾಸರಿ ಶೇ. 12ರಿಂದ 16ರಷ್ಟು ಇಳಿಯಿತು, ಪುರುಷ ಹಾರ್ಮೋನು ಪಾತಾಳಕ್ಕೆ ಕುಸಿಯಿತು. ಇಂತಹ ಪರೀಕ್ಷೆ ದೇಹದ ಉಳಿತಾಯವನ್ನು ಖರ್ಚು ಮಾಡಿಸುತ್ತದೆ. ಉಳಿತಾಯವನ್ನು ಮನೆಯಲ್ಲೇ ಖಾಲಿ ಮಾಡಿಕೊಂಡು ಹೋದವನ ಗತಿ ಏನು? ನಿದ್ದೆಗೆಡುವುದನ್ನು ಅಭ್ಯಾಸದಿಂದ ಗೆಲ್ಲಲಾಗದು. ಇಸ್ರೇಲ್ ಸೇನೆಯಲ್ಲಿ ನಡಿಗೆಯ ದೂರ ಕಡಿಮೆ ಮಾಡಿ, ರಾತ್ರಿ ಕನಿಷ್ಠ 6 ಗಂಟೆ ನಿದ್ದೆ ಕಡ್ಡಾಯ ಮಾಡಿದ ಮೇಲೆ ಮೂಳೆ ಬಿರುಕಿನ ಪ್ರಕರಣಗಳು ಅರ್ಧಕ್ಕಿಂತಲೂ ಕೆಳಗಿಳಿದವು. ಬೆಳೆಯುವ ಹುಡುಗನಿಗೆ ಎಂಟು ಗಂಟೆ ನಿದ್ದೆ ಬೇಕು.

ದುಬಾರಿ ಪುಡಿಗಳ ಡಬ್ಬ ಬೇಕಿಲ್ಲ. ರಾಗಿ ಮುದ್ದೆ ಅಥವಾ ಜೋಳದ ರೊಟ್ಟಿ, ಗಟ್ಟಿ ಬೇಳೆ ಸಾರು, ಮೊಳಕೆ ಕಾಳು, ಸೊಪ್ಪು, ಹಾಲು ಮೊಸರು, ಶೇಂಗಾ, ತಿನ್ನುವವರಿಗೆ ಮೊಟ್ಟೆ, ಮೀನು ಇವೇ ಸಾಕು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಹೆಚ್ಚು ಸುಣ್ಣದ ಅಂಶವಿದೆ. 60 ಕಿಲೋ ತೂಗುವವನಿಗೆ ದಿನಕ್ಕೆ ಸುಮಾರು 75ರಿಂದ 100 ಗ್ರಾಂ ಪ್ರೋಟೀನು ಸಾಕು. ರಕ್ತದ ಹಿಮೋಗ್ಲೋಬಿನ್, ವಿಟಮಿನ್ ಡಿ ಒಮ್ಮೆ ನೋಡಿಸಿ. ಜಿಮ್ಮಿನಲ್ಲಿ ಯಾರೋ ಕೊಡುವ ಸ್ಟೆರಾಯ್ಡ್ ಚುಚ್ಚುಮದ್ದಿನ ಹತ್ತಿರ ಸುಳಿಯಬಾರದು. ವೃಷಣ ಕುಗ್ಗಿ, ಮಕ್ಕಳಾಗುವ ಶಕ್ತಿಗೇ ಕುತ್ತು ಬರಬಹುದು. ಬೀಡಿ, ಸಿಗರೇಟು, ಗುಟ್ಕಾ ಬಿಡುವುದು ತಯಾರಿಯ ಮೊದಲ ದಿನದ ಕೆಲಸ.

ಸೇನೆಗೆ ಸೇರಬಯಸುವ ಹೆಣ್ಣುಮಕ್ಕಳೂ ಇಂದು ಮೈದಾನಕ್ಕೆ ಬರುತ್ತಿದ್ದಾರೆ. ಅವರಲ್ಲಿ ರಕ್ತಹೀನತೆ, ಮೂಳೆ ಬಿರುಕು ಎರಡೂ ಹೆಚ್ಚು. ತರಬೇತಿಯ ನಡುವೆ ಮುಟ್ಟು ನಿಂತರೆ ದೇಹಕ್ಕೆ ಊಟ ಸಾಲುತ್ತಿಲ್ಲ ಎಂದು ಅರ್ಥವಿರಬಹುದು. ಅದನ್ನು ಮುಚ್ಚಿಡದೆ ವೈದ್ಯರ ಬಳಿ ಹೇಳಬೇಕು.

ಮನೆಯಲ್ಲಿ ಆಡಬೇಕಾದ ಮಾತು

ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ 2008ರ ನವೆಂಬರಿನಲ್ಲಿ ಮುಂಬೈನ ತಾಜ್ ಹೋಟೆಲಿನಲ್ಲಿ ಹುತಾತ್ಮರಾದಾಗ ಅವರಿಗೆ 31 ವರ್ಷ. ಈ ಕೆಲಸದಲ್ಲಿ ಸಾವು ದೂರದ ಮಾತಲ್ಲ. ಅಪಶಕುನವೆಂದು ತಳ್ಳದೆ, ಒಮ್ಮೆಯಾದರೂ ತಂದೆ ತಾಯಿ ಮಗ ಕುಳಿತು ಇದನ್ನು ಮಾತನಾಡಬೇಕು. ಜೊತೆಗೆ ಈ ಪ್ರಶ್ನೆಗಳನ್ನೂ ಕೇಳಿ:

1. ಈ ಆಸೆ ಹುಟ್ಟಿ ಎಷ್ಟು ದಿನವಾಯಿತು? ಒಂದು ಸಿನಿಮಾದ ಆಯುಷ್ಯವೇ, ಎರಡು ವರ್ಷವೇ?
2. ಯಾರೂ ನೋಡದಿದ್ದರೂ, ಮಳೆ ಬಂದರೂ, ಹೇಳಿದ ಕೆಲಸ ಮುಗಿಸುವ ಸ್ವಭಾವವಿದೆಯೇ?
3. ನೋವಾದರೆ ಹೇಳುತ್ತಾನೆಯೇ, ಮುಚ್ಚಿಡುತ್ತಾನೆಯೇ? ಮುಚ್ಚಿಡುವವನು ಬೇಗ ಕೆಡುತ್ತಾನೆ.
4. ಮನೆಯ ಸಾಲ, ಪ್ರೇಮಭಂಗ, ಪರೀಕ್ಷೆಯ ಸೋಲು ಇವುಗಳಿಂದ ಓಡಿಹೋಗಲು ಇದು ನೆಪವೇ?
5. ಆಯ್ಕೆಯಾಗದಿದ್ದರೆ ಮುಂದೇನು? ಪದವಿ, ಐ.ಟಿ.ಐ., ಪೊಲೀಸ್ ಇಲಾಖೆ ಹೀಗೆ ಇನ್ನೊಂದು ದಾರಿ ತೆರೆದಿದೆಯೇ?

ಕೊನೆಯ ಪ್ರಶ್ನೆ ಬಹಳ ಮುಖ್ಯ. ಓದು ಬಿಟ್ಟು, ಇರುವುದೆಲ್ಲ ಒಂದೇ ಭರ್ತಿಯ ಮೇಲೆ ಪಣಕ್ಕಿಟ್ಟ ಹುಡುಗ ಸೋತಾಗ ಮಂಕಾಗುತ್ತಾನೆ. ಮಾತು ಕಡಿಮೆಯಾದರೆ, ಊಟ ಸೇರದಿದ್ದರೆ, 'ಬದುಕಿ ಪ್ರಯೋಜನವಿಲ್ಲ' ಎಂದರೆ ಅದನ್ನು ಸೋಮಾರಿತನ ಎಂದು ಬೈಯಬೇಡಿ. ಮನೋವೈದ್ಯರನ್ನು ಕಾಣಿ, ಅಥವಾ ಸರ್ಕಾರದ ಉಚಿತ ಸಹಾಯವಾಣಿ ಟೆಲಿ ಮಾನಸ್, ಸಂಖ್ಯೆ 14416ಕ್ಕೆ ಕರೆ ಮಾಡಿ. ಊರಿನವರ ಮುಂದೆ 'ನಮ್ಮ ಹುಡುಗ ಕಮಾಂಡೋ' ಎಂದು ಮೊದಲೇ ಸಾರಬೇಡಿ. ಆ ಹೊರೆ ಇಟ್ಟಿಗೆ ಚೀಲಕ್ಕಿಂತ ಭಾರ.

ಎಲ್ಲ ಪ್ರಶ್ನೆಗಳಿಗೂ ಸಮಾಧಾನದ ಉತ್ತರ ಸಿಕ್ಕರೆ ಧೈರ್ಯವಾಗಿ ಕಳುಹಿಸಿ. ಈ ವಾರ ಎರಡೇ ಕೆಲಸ ಮಾಡಿ: ಕಣ್ಣಿನ ವೈದ್ಯರಲ್ಲಿ ಬಣ್ಣದ ಪರೀಕ್ಷೆ, ಕುಟುಂಬದ ವೈದ್ಯರಲ್ಲಿ ಪೂರ್ಣ ತಪಾಸಣೆ. ಓಟವನ್ನು ಅದರ ನಂತರ, ನಿಧಾನವಾಗಿ ಆರಂಭಿಸಲಿ.